ಒಂದು ಚೊಂಬಿನ ವ್ಯತ್ಯಾಸ

ಯುಗಾದಿ ಕಳೆದ ಮೇಲೆ ಮೂರು ವಾರ ನಾನು ಬೆಳಗಿನ ಐದೂವರೆಗೆ ಎದ್ದು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆದಿದ್ದೆ, ಕಾಫಿಗೆ ಸಕ್ಕರೆ ಬಿಟ್ಟಿದ್ದೆ, ರಾತ್ರಿಯ ಊಟವನ್ನು ಒಂದು ಮುದ್ದೆಗೆ ಇಳಿಸಿದ್ದೆ, ಎದುರುಮನೆಯವರು ಕಳುಹಿಸಿದ ಒಬ್ಬಟ್ಟನ್ನು ಮುಟ್ಟದೆ ಹೆಂಡತಿಯ ತಟ್ಟೆಗೆ ದಾಟಿಸಿದ್ದೆ. ಇಷ್ಟಾದರೂ ಬಚ್ಚಲುಮನೆಯ ಬಾಗಿಲ ಬಳಿಯಿದ್ದ ತೂಕದ ಯಂತ್ರ ಮೊದಲ ದಿನ ತೋರಿಸಿದ್ದ 78 ಕಿಲೋವನ್ನೇ, ಪಾಠ ಒಪ್ಪಿಸುವ ಹುಡುಗನಂತೆ, ದಿನವೂ ತಪ್ಪದೆ ಒಪ್ಪಿಸುತ್ತಿತ್ತು. ಯಂತ್ರ ಕೆಟ್ಟಿದೆ ಎಂದು ನಾನು ತೀರ್ಪು ಕೊಟ್ಟೆ. ನನ್ನ ಹೆಂಡತಿ ತೀರ್ಪಿಗೆ ಮೊದಲು ಸಾಕ್ಷಿ ಬೇಕೆನ್ನುವವಳು. ಆಗತಾನೆ ಅಂಗಡಿಯಿಂದ ಬಂದಿದ್ದ ಅಕ್ಕಿಯ ಚೀಲವನ್ನು ಎಳೆದು ತಂದು ಯಂತ್ರದ ಮೇಲೆ ನಿಲ್ಲಿಸಿದಳು. 25 ಕಿಲೋವರೆಗಿನ ಚೀಲಕ್ಕೆ ಜಿಎಸ್‌ಟಿ ಬಿದ್ದಂದಿನಿಂದ ನಮ್ಮ ಅಂಗಡಿಯವರು 26 ಕಿಲೋ ಚೀಲವನ್ನೇ ಮಾರುತ್ತಾರೆ, ಯಂತ್ರ 26.1 ಎಂದಿತು. ಸುಳ್ಳು ಹೇಳುತ್ತಿರುವುದು ಯಂತ್ರವಲ್ಲ ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ, ಚೀಲವನ್ನು ಒಳಗೆ ಎಳೆದುಕೊಂಡು ಹೋದಳು.

ಆ ಭಾನುವಾರ ಬೆಂಗಳೂರಿನಿಂದ ಬಂದ ಅಕ್ಕನ ಮಗ ಈ ಸಂಕಟವನ್ನು ಕೇಳಿ ನಕ್ಕ. ಅವನು ಜಿಮ್ಮಿಗೆ ಹೋಗುವವನು. ಕೋಳಿಮೊಟ್ಟೆಯ ಹಳದಿಯನ್ನು ತೆಗೆದಿಟ್ಟು ಬಿಳಿಯನ್ನು ಮಾತ್ರ ತಿನ್ನುವಷ್ಟು ವೈರಾಗ್ಯ ಸಾಧಿಸಿದವನು. "ಮಾವ, ನೀವು ನೋಡ್ತಾ ಇರೋದು ತೂಕ. ನೋಡಬೇಕಾಗಿರೋದು ಕೊಬ್ಬು" ಎಂದು ಅವನು ಆರಂಭಿಸಿದ್ದೇ ತಡ, ಒಳಗೆ ಸಂಡಿಗೆಗೆ ಅಕ್ಕಿ ನೆನೆಹಾಕುತ್ತಿದ್ದ ನನ್ನ ತಾಯಿ, "ನಿನ್ನ ಮಾವನಿಗೆ ಕೊಬ್ಬು ಎಷ್ಟಿದೆ ಅಂತ ನನ್ನನ್ನು ಕೇಳಿದ್ದರೆ ನಾನೇ ಹೇಳುತ್ತಿದ್ದೆನಲ್ಲೋ" ಎಂದರು. ಕನ್ನಡದಲ್ಲಿ ಈ ಪದಕ್ಕಿರುವ ಎರಡನೆಯ ಅರ್ಥದಿಂದಾಗಿ ಮುಂದಿನ ಆರು ತಿಂಗಳು ನಾನು ಮನೆಯಲ್ಲಿ ಪಟ್ಟ ಪಾಡನ್ನು ಪ್ರತ್ಯೇಕವಾಗಿ ವಿವರಿಸಬೇಕಾಗಿಲ್ಲ.

ಹುಡುಗ ಹೇಳಿದ್ದರಲ್ಲಿ ಸತ್ಯವಿತ್ತು. ನಾವು ತಿಂದದ್ದರಲ್ಲಿ ಒಂದು ಭಾಗ ಗ್ಲೈಕೋಜನ್ ಆಗಿ ಯಕೃತ್ತಿನಲ್ಲೂ ಸ್ನಾಯುಗಳಲ್ಲೂ ಕೂಡಿಡಲ್ಪಡುತ್ತದೆ. ಅದರ ಒಂದೊಂದು ಗ್ರಾಮೂ ಜೊತೆಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ಒಂದು ದಿನ ಉಪವಾಸ ಮಾಡಿದರೆ ಯಂತ್ರದಲ್ಲಿ ಇಳಿಯುವ ಒಂದೂವರೆ ಕಿಲೋದಲ್ಲಿ ಹೆಚ್ಚಿನ ಪಾಲು ನೀರೇ, ಮರುದಿನ ಮದುವೆಯೂಟ ಮಾಡಿದರೆ ಏರುವ ಒಂದೂವರೆ ಕಿಲೋವೂ ಬಹುಪಾಲು ನೀರೇ. ಏಕಾದಶಿಯ ಸಂಭ್ರಮವೂ ದ್ವಾದಶಿಯ ದುಃಖವೂ ಒಂದೇ ಕೊಡದ ನೀರು ಎಂದಾಯಿತು. ಇನ್ನು ನಡೆದು, ಬಸ್ಕಿ ಹೊಡೆದು ಸ್ನಾಯು ಬೆಳೆಸಿಕೊಂಡವನು ಇತ್ತ ಕೊಬ್ಬು ಕಳೆದುಕೊಂಡಷ್ಟೇ ಅತ್ತ ಮಾಂಸ ಗಳಿಸಿದ್ದರೆ, ಬೆವರು ಸುರಿಸಿದ್ದಕ್ಕೆ ಯಂತ್ರದ ಕಡೆಯಿಂದ ರಸೀದಿಯೇ ಸಿಗುವುದಿಲ್ಲ.

ಎತ್ತರಕ್ಕೂ ತೂಕಕ್ಕೂ ಗಂಟುಹಾಕುವ ಬಿಎಂಐ ಎಂಬ ಲೆಕ್ಕವೂ ಈ ವಿಷಯದಲ್ಲಿ ಕುರುಡೇ. ಅದನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಹೊಸೆದ ಬೆಲ್ಜಿಯಮ್ಮಿನ ಅಡಾಲ್ಫ್ ಕೆಟ್ಲೆ ವೈದ್ಯನಲ್ಲ, ನಕ್ಷತ್ರಗಳನ್ನೂ ಸಂಖ್ಯೆಗಳನ್ನೂ ಲೆಕ್ಕ ಹಾಕುತ್ತಿದ್ದವನು. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಇಬ್ಬರು ವೈದ್ಯರ ಚಿತ್ರವನ್ನು ಅಕ್ಕಪಕ್ಕದಲ್ಲಿಟ್ಟು ಪ್ರಕಟಿಸಿತು: ಒಬ್ಬರು ಪುಣೆಯ ಚಿತ್ತರಂಜನ ಯಾಜ್ಞಿಕ್, ಇನ್ನೊಬ್ಬರು ಬ್ರಿಟನ್ನಿನ ಜಾನ್ ಯುಡ್ಕಿನ್. ಇಬ್ಬರ ಬಿಎಂಐ ಕೂಡ 22.3. ಆದರೆ ಆಂಗ್ಲ ವೈದ್ಯರ ಮೈಯಲ್ಲಿ ಕೊಬ್ಬು ಶೇಕಡಾ 9.1 ಇದ್ದರೆ ನಮ್ಮವರದು ಶೇಕಡಾ 21.2. ಕೈಕಾಲು ಕಡ್ಡಿಯಂತಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವ ಮನುಷ್ಯನನ್ನು ಪ್ರತಿ ಮದುವೆಮನೆಯಲ್ಲೂ ಕಾಣುವ ನಮಗೆ ಇದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇಲ್ಲ. ನಮ್ಮ ದೇಶದವರಿಗೆ ಎಚ್ಚರಿಕೆಯ ಗಂಟೆ 25ಕ್ಕಲ್ಲ, 23ಕ್ಕೇ ಬಾರಿಸಬೇಕೆಂದು ವೈದ್ಯರು ಹೇಳುವುದೂ ಈ ಕಾರಣಕ್ಕೇ. ನನ್ನದು 27.6, ಗಂಟೆ ಯಾವಾಗ ಬಾರಿಸಿತ್ತೋ, ನಾನು ಊಟಕ್ಕೆ ಕರೆಯುತ್ತಿದ್ದಾರೆ ಎಂದುಕೊಂಡಿದ್ದಿರಬೇಕು.

ಹುಡುಗ ಬೆಂಗಳೂರಿಗೆ ಮರಳಿದ ವಾರದೊಳಗೆ ಕೊಬ್ಬು ಅಳೆಯುವ ಹೊಸ ಯಂತ್ರವೊಂದು ಅವನ ಕೊಡುಗೆಯಾಗಿ ಬಂತು. ಬರಿಗಾಲಲ್ಲಿ ಅದರ ಲೋಹದ ಪಟ್ಟಿಗಳ ಮೇಲೆ ನಿಂತರೆ ನಮಗೆ ತಿಳಿಯದಷ್ಟು ಸಣ್ಣ ವಿದ್ಯುತ್ತು ಒಂದು ಕಾಲಿನಿಂದ ಹತ್ತಿ ಇನ್ನೊಂದು ಕಾಲಿನಿಂದ ಇಳಿಯುತ್ತದೆ. ನೀರು ತುಂಬಿದ ಸ್ನಾಯು ಅದಕ್ಕೆ ದಾರಿ ಬಿಡುತ್ತದೆ, ನೀರಿಲ್ಲದ ಕೊಬ್ಬು ಅಡ್ಡ ನಿಲ್ಲುತ್ತದೆ, ಆ ಅಡ್ಡಿಯಿಂದ ಯಂತ್ರ ಕೊಬ್ಬಿನ ಲೆಕ್ಕ ಕಟ್ಟುತ್ತದೆ. ಹುಡುಗ ತನ್ನ ಮೊಬೈಲಿನಿಂದಲೇ ಎಲ್ಲವನ್ನೂ ಹೊಂದಿಸಿ ಕಳುಹಿಸಿದ್ದ. ಮೊದಲ ದಿನವೇ ಅದು ಶೇಕಡಾ 19 ಎಂದು ತೋರಿಸಿದಾಗ ನಾನು ಸಂತೋಷ ತಡೆಯಲಾರದೆ ಅರ್ಧ ಕಿಲೋ ಮೈಸೂರುಪಾಕು ತಂದು ಮನೆಯವರಿಗೆಲ್ಲ ಹಂಚಿದೆ, ಹಂಚಿ ಉಳಿದದ್ದನ್ನು ನಾನೇ ಮುಗಿಸಿದೆ. ಮೂರನೆಯ ದಿನ ಹೆಂಡತಿ ಕನ್ನಡಕ ಹಾಕಿಕೊಂಡು ನೋಡಿ, "ರೀ, ಇದರಲ್ಲಿ ನಿಮ್ಮನ್ನು ಕ್ರೀಡಾಪಟು ಅಂತ ಹಾಕಿದ್ದಾನೆ" ಎಂದಳು. ಆ ಗುರುತನ್ನು ತೆಗೆದು ಮತ್ತೆ ನಿಂತಾಗ ಶೇಕಡಾ 29 ಬಂತು. ಮೈಸೂರುಪಾಕಿನ ತುಪ್ಪ ಇನ್ನೂ ಕೈಯಿಂದ ಹೋಗಿರಲಿಲ್ಲ.

ಆಮೇಲೆ ಆ ಯಂತ್ರದ ಸ್ವಭಾವವನ್ನು ನಾನು ಒಂದೊಂದಾಗಿ ಅರಿತೆ. ಎರಡು ಲೋಟ ನೀರು ಕುಡಿದು ಕೂಡಲೇ ನಿಂತರೆ ಕೊಬ್ಬು ಏರುತ್ತಿತ್ತು. ಏಕೆಂದರೆ ಆಗಷ್ಟೇ ಕುಡಿದ ನೀರು ತೂಕಕ್ಕೆ ಸೇರುತ್ತದೆಯೇ ಹೊರತು ಕಾಲಿನ ಹಾದಿಯಲ್ಲಿರುವ ವಿದ್ಯುತ್ತಿಗೆ ಅದರ ಸುದ್ದಿ ಇನ್ನೂ ಮುಟ್ಟಿರುವುದಿಲ್ಲ. ಸ್ನಾನ ಮಾಡಿ ಒದ್ದೆ ಕಾಲಲ್ಲಿ ನಿಂತರೆ ಕೊಬ್ಬು ಇಳಿಯುತ್ತಿತ್ತು, ಒಣಗಿದ ಒಡಕು ಹಿಮ್ಮಡಿಯಲ್ಲಿ ನಿಂತರೆ ಏರುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ ಸಂಗತಿ ಬೇರೆ: ಕಾಲಿನಿಂದ ಕಾಲಿಗೆ ಹರಿಯುವ ವಿದ್ಯುತ್ತು ಸೊಂಟದ ಕೆಳಗೇ ತಿರುಗಿಕೊಂಡು ಹೋಗುವುದರಿಂದ, ಇಷ್ಟೆಲ್ಲ ಗದ್ದಲಕ್ಕೆ ಮೂಲವಾದ ನನ್ನ ಹೊಟ್ಟೆಯನ್ನು ಅದು ಸಂದರ್ಶಿಸಿರಲೇ ಇಲ್ಲ, ವಯಸ್ಸು, ಎತ್ತರ, ಗಂಡು ಎಂಬ ಮೂರು ಸಂಗತಿಗಳಿಂದ ಅದನ್ನು ಊಹಿಸಿಕೊಂಡಿತ್ತು. ಸ್ಥಳ ಪರಿಶೀಲನೆ ಮಾಡದೆ ಕಚೇರಿಯಲ್ಲಿ ಕುಳಿತೇ ವರದಿ ಬರೆಯುವ ಕಲೆಯನ್ನು ಯಂತ್ರಗಳೂ ಕಲಿತಿವೆ.

ಚರ್ಮವನ್ನು ಇಕ್ಕಳದಂಥ ಸಾಧನದಲ್ಲಿ ಚಿವುಟಿ ಮಡಿಕೆಯ ದಪ್ಪ ಅಳೆಯುವ ವಿಧಾನವನ್ನೂ ನೋಡಿದೆ. ತೋಳಿನ ಮುಂದೆ, ತೋಳಿನ ಹಿಂದೆ, ಸೊಂಟದ ಮೂಳೆಯ ಮೇಲೆ, ಹೆಗಲ ಮೂಳೆಯ ಕೆಳಗೆ ಎಂದು ನಾಲ್ಕು ಕಡೆ ಚಿವುಟಬೇಕು. ನಾಲ್ಕನೆಯದಕ್ಕೆ ಪರರ ಸಹಾಯ ಅನಿವಾರ್ಯ. ಹೆಂಡತಿಗೆ ಇಪ್ಪತ್ತೆರಡು ವರ್ಷಗಳ ದಾಂಪತ್ಯದಲ್ಲಿ ಅಧಿಕೃತವಾಗಿ ಚಿವುಟುವ ಅವಕಾಶ ಸಿಕ್ಕಿದ್ದು ಅದೇ ಮೊದಲು. ಅವಳು ಅದನ್ನು ಪೂರ್ಣವಾಗಿ ಬಳಸಿಕೊಂಡಳು ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಉಳಿದದ್ದು ಆರ್ಕಿಮಿಡೀಸನ ದಾರಿ. ಕೊಬ್ಬು ನೀರಿಗಿಂತ ಹಗುರ, ಮಾಂಸ ಮೂಳೆಗಳು ನೀರಿಗಿಂತ ಭಾರ; ಆದ್ದರಿಂದ ದೇಹದ ತೂಕದ ಜೊತೆಗೆ ಅದರ ಗಾತ್ರವೂ ಗೊತ್ತಾದರೆ ಸಾಂದ್ರತೆ ಸಿಗುತ್ತದೆ, 495ನ್ನು ಆ ಸಾಂದ್ರತೆಯಿಂದ ಭಾಗಿಸಿ 450 ಕಳೆದರೆ ಕೊಬ್ಬಿನ ಶೇಕಡಾವಾರು ಸಿಗುತ್ತದೆ. ಪ್ರಯೋಗಾಲಯಗಳಲ್ಲಿ ಇದಕ್ಕೆ ತೊಟ್ಟಿಯೂ ತಕ್ಕಡಿಯೂ ಇರುತ್ತವೆ. ನಮ್ಮ ತಾರಸಿಯ ಮೇಲೆ 200 ಲೀಟರಿನ ನೀಲಿ ಡ್ರಮ್ಮಿತ್ತು. ಅದನ್ನು ಅಂಚಿನವರೆಗೆ ತುಂಬಿ, ತಲೆಸಮೇತ ಮುಳುಗಿ, ಹೊರಬಂದು, ಮತ್ತೆ ಅಂಚಿನವರೆಗೆ ತುಂಬಲು ಎಷ್ಟು ನೀರು ಬೇಕಾಯಿತೆಂದು ಎಣಿಸಿದರೆ ಅದೇ ನನ್ನ ಗಾತ್ರವಲ್ಲವೇ? ಈ ಯೋಜನೆಯಲ್ಲಿ ದೋಷವಿದೆಯೆಂದು ನನಗೆ ಈಗಲೂ ಅನ್ನಿಸುವುದಿಲ್ಲ. ದೋಷವಿದ್ದದ್ದು ತಾರಸಿಯ ಇಳಿಜಾರಿನಲ್ಲಿ.

ಮೇ ತಿಂಗಳ ಒಂದು ಭಾನುವಾರ ನಾನು ಡ್ರಮ್ಮಿನೊಳಗೆ ಇಳಿದು, ಉಸಿರನ್ನೆಲ್ಲ ಹೊರಹಾಕಿ, ಮಂಡಿ ಮಡಚಿ ಮುಳುಗಿದೆ. ಐದು ಬಕೆಟ್ಟಿನಷ್ಟು ನೀರು ಒಂದೇ ಸಲಕ್ಕೆ ಅಂಚು ಮೀರಿ ಹೊರಬಿದ್ದು, ತಾರಸಿಯ ಇಳಿಜಾರನ್ನು ಹಿಡಿದು, ತಾಯಿಯವರು ಬೆಳಗಿನ ಜಾವ ಎದ್ದು ಹಳೆಯ ಪಂಚೆಯ ಮೇಲೆ ಸಾಲಾಗಿ ಒತ್ತಿದ್ದ ಅಕ್ಕಿ ಸಂಡಿಗೆಯ ಕಡೆಗೆ ಹೊರಟಿತು. ನೀರಿನೊಳಗಿದ್ದ ನನಗೆ ಕೂಗು ಮಂದವಾಗಿ ಕೇಳಿಸಿತು. ಮೇಲೆದ್ದಾಗ ಸ್ಪಷ್ಟವಾಗಿ ಕೇಳಿಸಿತು. ಓಡಿಹೋಗಿ ಸಂಡಿಗೆ ಎತ್ತೋಣವೆಂದರೆ ಡ್ರಮ್ಮಿನ ಬಾಯಿಗೂ ನನ್ನ ಸೊಂಟಕ್ಕೂ ನಡುವೆ ಒಳಗೆ ಹೋಗುವಾಗ ಇದ್ದ ಸೌಹಾರ್ದ ಹೊರಬರುವಾಗ ಇರಲಿಲ್ಲ. ಹೆಂಡತಿ ಡ್ರಮ್ಮನ್ನು ಮೆಲ್ಲಗೆ ವಾಲಿಸಿ ನನ್ನನ್ನು ಹೊರಗೆಳೆದಳು. ವಾಲಿಸಿದಾಗ ಉಳಿದಿದ್ದ ನೀರೂ ಮೊದಲಿನ ದಾರಿಯನ್ನೇ ಹಿಡಿಯಿತು, ಲೆಕ್ಕವೂ ಅದರೊಂದಿಗೆ ಹೋಯಿತು.

ಸಂಡಿಗೆಯ ಶೋಕ ಆರಿದ ಮೇಲೆ, ಮುಂದಿನ ವಾರ, ಎಲ್ಲರೂ ಮದುವೆಗೆ ಹೋಗಿದ್ದಾಗ ಪಕ್ಕದಲ್ಲೊಂದು ಸ್ಟೂಲು ಇಟ್ಟುಕೊಂಡು ಇನ್ನೊಮ್ಮೆ ಮಾಡಿದೆ. ಮರಳಿ ತುಂಬಲು 15 ಲೀಟರಿನ ಐದು ಬಕೆಟ್ಟು ಮತ್ತು ಒಂದು ಚೊಂಬು ನೀರು ಬೇಕಾಯಿತು. ಒಟ್ಟು 76 ಲೀಟರು. ಲೆಕ್ಕ ಹಾಕಿದರೆ ಕೊಬ್ಬು ಶೇಕಡಾ 32. ಆದರೆ ಎಷ್ಟೇ ಉಸಿರು ಬಿಟ್ಟರೂ ಶ್ವಾಸಕೋಶದಲ್ಲಿ ಒಂದು ಲೀಟರಿಗೂ ಮೀರಿ ಗಾಳಿ ಉಳಿದಿರುತ್ತದೆ, ಅದನ್ನು ಕಳೆಯಬೇಕು: 75 ಲೀಟರೆಂದರೆ ಶೇಕಡಾ 26. ಮೇಲೆದ್ದು ಬರುವಾಗ ಮೈಗೂ ಚಡ್ಡಿಗೂ ಅಂಟಿಕೊಂಡು ಹೊರಬಂದ ನೀರು ಇನ್ನೊಂದು ಲೀಟರಾದರೆ ಶೇಕಡಾ 20ಕ್ಕೂ ಕೆಳಗೆ. ಒಂದು ಚೊಂಬಿನ ವ್ಯತ್ಯಾಸಕ್ಕೆ ಆರು ಶೇಕಡಾ ಕೊಬ್ಬು! ಇನ್ನೆರಡು ಚೊಂಬು ಚೆಲ್ಲಿದ್ದರೆ ನಾನು ಒಲಿಂಪಿಕ್ಸಿಗೆ ಅರ್ಹನಾಗುತ್ತಿದ್ದೆ.

ಅಲ್ಲಿಗೆ ಶೇಕಡಾವಾರು ಹುಡುಕುವುದನ್ನು ಬಿಟ್ಟು ತಾಯಿಯವರ ಹೊಲಿಗೆ ಪೆಟ್ಟಿಗೆಯಿಂದ ಟೇಪು ತೆಗೆದುಕೊಂಡೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುಮಧ್ಯದಲ್ಲಿ, ಸಹಜವಾಗಿ ಉಸಿರು ಬಿಟ್ಟು ಅಳೆಯಬೇಕು. ನಮ್ಮ ಕಡೆಯ ಗಂಡಸರಿಗೆ 90 ಸೆಂಟಿಮೀಟರು, ಹೆಂಗಸರಿಗೆ 80 ಮೀರಬಾರದು. ಪ್ಯಾಂಟಿನ ಅಳತೆಯನ್ನೇ ಸೊಂಟದ ಸುತ್ತಳತೆಯೆಂದು ನಂಬಿ ಇಪ್ಪತ್ತು ವರ್ಷಗಳಿಂದ ನೆಮ್ಮದಿಯಾಗಿದ್ದವನು ನಾನು. ಹೊಟ್ಟೆ ಬೆಳೆದಂತೆಲ್ಲ ಪ್ಯಾಂಟು ಅದರ ಕೆಳಗೆ ಕೆಳಗೆ ಜಾರಿ ಕಟ್ಟಿಕೊಳ್ಳುತ್ತದೆ, ಹೀಗಾಗಿ ಅಳತೆ 36ರಲ್ಲೇ ಉಳಿಯುತ್ತದೆ. ಟೇಪು ಸರಿಯಾದ ಜಾಗದಲ್ಲಿ 101 ಸೆಂಟಿಮೀಟರು, ಎಂದರೆ ಸುಮಾರು 40 ಅಂಗುಲ ತೋರಿಸಿತು. ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟೆ. ಪ್ರತಿ ತಿಂಗಳ ಮೊದಲ ಭಾನುವಾರ, ಕಾಫಿಗೆ ಮುಂಚೆ, ಒಮ್ಮೆ ಮಾತ್ರ ಅಳೆಯುವುದೆಂದು ನಿಯಮ ಮಾಡಿಕೊಂಡೆ. ನಡಿಗೆಯೂ ಬಸ್ಕಿಯೂ ಹುರುಳಿಕಾಳೂ ಮುಂದುವರಿದವು. ಅಕ್ಟೋಬರಿನ ಹೊತ್ತಿಗೆ ತೂಕದ ಯಂತ್ರ ಬಹಳ ಗೊಣಗಿಕೊಂಡು 76.4ಕ್ಕೆ ಇಳಿದಿತ್ತು, ಟೇಪು ಮಾತ್ರ 96ಕ್ಕೆ ಬಂದಿತ್ತು. ಐದು ಸೆಂಟಿಮೀಟರು ಮಹಾ ಏನಲ್ಲ ಎಂದುಕೊಂಡಿದ್ದೆ.

ನವೆಂಬರ್ 1ರಂದು ನಮ್ಮ ಕಚೇರಿಯಲ್ಲಿ ರಾಜ್ಯೋತ್ಸವ. ಮೇಲೆ ಉದ್ದನೆಯ ಜುಬ್ಬ ಬರುವುದರಿಂದ ಯಾರಿಗೂ ಕಾಣದ ಬೆಲ್ಟು ಯಾಕೆಂದು ಹಾಕಿಕೊಳ್ಳದೆ ಹೋಗಿದ್ದೆ. ಧ್ವಜ ಏರಿತು, ಎಲ್ಲರೂ ನೆಟ್ಟಗೆ ನಿಂತೆವು, ನಾಡಗೀತೆ ಆರಂಭವಾಯಿತು. ಹೊಟ್ಟೆಯ ಆಧಾರ ಕಳೆದುಕೊಂಡಿದ್ದ ನನ್ನ ಪ್ಯಾಂಟು ಮೊದಲ ಸಾಲಿಗೇ ಇಳಿಯತೊಡಗಿತು. ಅಲುಗಾಡುವಂತಿಲ್ಲ, ಕೈ ಎತ್ತುವಂತಿಲ್ಲ. ಪಕ್ಕಕ್ಕೆ ಇಳಿಬಿಟ್ಟ ಕೈಗಳ ಎರಡೆರಡು ಬೆರಳುಗಳಿಂದ ಜುಬ್ಬದ ಮೇಲಿನಿಂದಲೇ ಪ್ಯಾಂಟಿನ ಹೊಲಿಗೆಯನ್ನು ಹಿಡಿದುಕೊಂಡು ನಿಂತೆ. 2022ರಲ್ಲಿ ಸರ್ಕಾರವು ನಾಡಗೀತೆಯ ಅವಧಿಯನ್ನು ಎರಡೂವರೆ ನಿಮಿಷಕ್ಕೆ ನಿಗದಿಪಡಿಸಿದ್ದರ ಬೆಲೆ ನನಗೆ ತಿಳಿದದ್ದು ಆಗ. ಅದರ ಬೆನ್ನಿಗೇ ವಂದನಾರ್ಪಣೆ ನನ್ನದಿತ್ತು. ಎಡಗೈಯನ್ನು ಸೊಂಟದ ಮೇಲಿಟ್ಟುಕೊಂಡು, ಒಬ್ಬರನ್ನೂ ಬಿಡದೆ, ಎಲ್ಲರಿಗೂ ವಂದಿಸಿದೆ. ಕೆಳಗಿಳಿದಾಗ ಮೇಲಧಿಕಾರಿಗಳು ಕಳಕಳಿಯಿಂದ, "ಯಾಕ್ರೀ, ಸೊಂಟ ಹಿಡ್ಕೊಂಡಿದೆಯಾ?" ಎಂದು ಕೇಳಿದರು. ಹಿಡಿದುಕೊಂಡಿದ್ದು ನಾನು ಎಂದು ಹೇಳಲಾಗಲಿಲ್ಲ.

ಅಂದು ಸಂಜೆಯೇ ನಾಲ್ಕು ಪ್ಯಾಂಟುಗಳನ್ನು ಚೀಲಕ್ಕೆ ತುಂಬಿಕೊಂಡು ನಮ್ಮ ಟೈಲರ್ ಬಳಿ ಹೋದೆ. ಅವರ ಹಳೆಯ ಅಳತೆ ಪುಸ್ತಕದಲ್ಲಿ ನನ್ನ ಮದುವೆಯ ಸೂಟಿನ ಕಾಲದಿಂದಲೂ ನನ್ನ ಚರಿತ್ರೆಯಿದೆ: 30, 32, 34, 36, ಪ್ರತಿ ಸಲವೂ ಹಳೆಯದನ್ನು ಹೊಡೆದು ಪಕ್ಕದಲ್ಲಿ ಹೊಸದು. "ಹೊಟ್ಟೆ ಬಿಟ್ಟು ನಿಂತ್ಕೊಳಿ ಸಾರ್, ಈಗ ನೀವು ಉಸಿರು ಹಿಡಿದರೆ ಆಮೇಲೆ ಪ್ಯಾಂಟು ನಿಮ್ಮನ್ನ ಹಿಡಿಯುತ್ತೆ" ಎಂದು ಅವರು ಟೇಪು ಸುತ್ತಿದರು, ಒಮ್ಮೆ ನನ್ನ ಮುಖ ನೋಡಿದರು, ಮತ್ತೊಮ್ಮೆ ಸುತ್ತಿದರು, ಆಮೇಲೆ ಪುಸ್ತಕದಲ್ಲಿ 36ನ್ನು ಹೊಡೆದು 34 ಎಂದು ಬರೆದರು. ಮೂರನೆಯ ದಿನ ಪ್ಯಾಂಟುಗಳನ್ನು ತರಲು ಹೋದಾಗ ಅವರು ಒಂದನ್ನು ಒಳಮಗ್ಗುಲಾಗಿ ತಿರುಗಿಸಿ, ಹಿಂಬದಿಯ ಹೊಲಿಗೆಯೊಳಗೆ ಮಡಚಿಟ್ಟಿದ್ದ ಅಗಲವಾದ ಬಟ್ಟೆಯನ್ನು ಬೆರಳಿನಿಂದ ಸವರಿ ತೋರಿಸಿದರು.

"ಕತ್ತರಿಸಿಲ್ಲ ಸಾರ್, ಹಾಗೇ ಬಿಟ್ಟಿದೀನಿ. ಅವರೆಕಾಯಿ ಕಾಲ ಬರ್ತಾ ಇದೆ."