ಸೆಲ್ ವಾಚುಗಳ ಸಂಸಾರ

ನಮ್ಮ ಬೀರುವಿನಲ್ಲಿ ಒಂದು ಹಳೇ ಬಿಸ್ಕೆಟ್ ಡಬ್ಬಿ ಇದೆ. ಅದರೊಳಗೆ ಹನ್ನೊಂದು ಸೆಲ್ ವಾಚುಗಳು. ಓಡುವುದು ಏಳು. ರಾತ್ರಿ ಮನೆಯಲ್ಲಿ ಸದ್ದಡಗಿದ ಮೇಲೆ ಮುಚ್ಚಳ ತೆಗೆದು ಕಿವಿಗೊಟ್ಟರೆ ಏಳೂ ಟಿಕ್ ಟಿಕ್ ಅನ್ನುತ್ತಿರುತ್ತವೆ. ಒಂದಕ್ಕೊಂದು ಹೊಂದುವುದಿಲ್ಲ. ಭಜನೆಗೆ ಬಂದ ಮಕ್ಕಳ ಕೈಗೆಲ್ಲ ತಾಳ ಕೊಟ್ಟ ಹಾಗೆ.

ಹಳೇ ವಾಚು ಕೂಡಿಡುವವರಲ್ಲಿ ನಮ್ಮದು ಕೊನೇ ಪಂಕ್ತಿ. ಕೀ ಕೊಡುವ ಎಚ್‌ಎಂಟಿ ಜನತಾ ಇಟ್ಟುಕೊಂಡವರಿಗೆ ಮರ್ಯಾದೆ ಜಾಸ್ತಿ. "ನಮ್ಮದಕ್ಕೆ ಜೀವ ಇದೆ ಸಾರ್, ನಿಮ್ಮದರಲ್ಲಿ ಇರೋದು ಬರೀ ಸೆಲ್ಲು" ಅನ್ನುತ್ತಾರೆ. ನಾನು ವಾದಕ್ಕೆ ಹೋಗುವುದಿಲ್ಲ. ಆದರೆ ಒಳಗೆ ನಡೆಯುವುದನ್ನು ಅವರೂ ಒಮ್ಮೆ ಯೋಚಿಸಬೇಕು. ಅಕ್ಕಿಕಾಳಿನಷ್ಟು, ಎರಡು ಕವಲಿನ ಒಂದು ಸ್ಫಟಿಕ. ಕರೆಂಟು ಸೋಕಿದರೆ ಸೆಕೆಂಡಿಗೆ 32,768 ಸಲ ನಡುಗುತ್ತದೆ. ಇದೇನು ವಿಚಿತ್ರ ಲೆಕ್ಕ ಅಂದರೆ, ಅದನ್ನು ಅರ್ಧ ಮಾಡಿ, ಆ ಅರ್ಧವನ್ನು ಮತ್ತೆ ಅರ್ಧ ಮಾಡಿ, ಹೀಗೆ 15 ಸಲ ಮಾಡಿದರೆ ಸರಿಯಾಗಿ ಒಂದು ಉಳಿಯುತ್ತದೆ. ಆ ಒಂದಕ್ಕೆ ಮುಳ್ಳು ಒಂದು ಹೆಜ್ಜೆ ಇಡುತ್ತದೆ. ಕೆಲಸವಿಲ್ಲದ ಒಂದು ಮಧ್ಯಾಹ್ನ ಹಾಳೆಯ ಮೇಲೆ ಭಾಗಿಸಿ ನೋಡಿದ್ದೇನೆ. ಸರಿ ಇದೆ.

ಈ ಸ್ಫಟಿಕಕ್ಕೆ ಕ್ವಾರ್ಟ್ಸ್ ಅಂತ ಹೆಸರು. ಅದನ್ನಿಟ್ಟು ಮಾಡಿ ಮಾರಿದ ಮೊದಲ ಕೈಗಡಿಯಾರ ಜಪಾನಿನ ಸೈಕೋ ಕಂಪನಿಯ ಆಸ್ಟ್ರಾನ್. ಟೋಕಿಯೋದಲ್ಲಿ 1969ರ ಡಿಸೆಂಬರ್ 25ರಂದು ಮಾರಾಟಕ್ಕೆ ಬಂತು. ಬೆಲೆ 4,50,000 ಯೆನ್. ಆಗ ಆ ದುಡ್ಡಿಗೆ ಜಪಾನಿನಲ್ಲಿ ಒಂದು ಸಣ್ಣ ಕಾರೇ ಬರುತ್ತಿತ್ತಂತೆ! ಈಗ ಅದೇ ಕುಲದ ವಾಚು ಫುಟ್‌ಪಾತಿನಲ್ಲಿ ತಿಂಡಿ-ಕಾಫಿ ದುಡ್ಡಿಗೆ ಸಿಗುತ್ತದೆ. ಅಗ್ಗವಾಗಿದ್ದೇ ಅದು ಮಾಡಿದ ತಪ್ಪು ಅಂತ ಕಾಣುತ್ತದೆ. ನಮ್ಮ ಕಡೆ ಎಚ್‌ಎಂಟಿಯೂ ಸೆಲ್ ವಾಚು ಮಾಡಿತು, ಜನರ ಬಾಯಲ್ಲಿ ಉಳಿದದ್ದು ಮಾತ್ರ ಅದರ ಕೀ ವಾಚು. ಸೆಲ್ ವಾಚು ಮದುವೆ ಉಡುಗೊರೆಯ ಮಟ್ಟಕ್ಕೆ ಏರಿದ್ದು 1980ರ ದಶಕದಲ್ಲಿ, ಹೊಸೂರಿನ ಟೈಟನ್ ಬಂದ ಮೇಲೆ.

ನನ್ನ ಮೆಚ್ಚಿನದು ಚಿಕ್ಕಪೇಟೆಯ ಸಂಡೆ ಬಜಾರಿನಲ್ಲಿ ಸಿಕ್ಕ ಒಂದು ಜಪಾನಿ ವಾಚು. "ಸೆಲ್ ಹಾಕಿದ್ರೆ ಓಡುತ್ತೆ ಸಾರ್" ಅಂದ ಮಾರುವವನು. ಎಲ್ಲರೂ ಹೇಳುವುದು ಇದನ್ನೇ, ಅಲ್ವಾ? ಬೆನ್ನು ಬಿಚ್ಚಿದರೆ ಹಳೇ ಸೆಲ್ಲು ಸೋರಿ ಹಸಿರು ಕಿಲುಬು. ನನ್ನ ಡಬ್ಬಿಯ ನಾಲ್ಕು ವಾಚು ಸತ್ತದ್ದು ಈ ಕಿಲುಬಿನಿಂದಲೇ. ಇದರ ಆಯಸ್ಸು ಗಟ್ಟಿ. ನಮ್ಮ ಬೀದಿಯ ರಿಪೇರಿಯವರು ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು, ಅರ್ಧ ಗಂಟೆ ಕೆರೆದು, ಒರೆಸಿ, ಸೆಲ್ ಹಾಕಿದರು. ಮುಳ್ಳು ಒಂದು ಸಲ ತಡವರಿಸಿ ಹೊರಟೇಬಿಟ್ಟಿತು.

ಈ ವಾರ ಅದು ಹೊಸ ಆಟ ಶುರುಮಾಡಿದೆ. ಒಂದು ಸೆಕೆಂಡು ಸುಮ್ನೆ ನಿಲ್ಲುತ್ತದೆ, ಆಮೇಲೆ ಎರಡು ಹೆಜ್ಜೆ ಒಟ್ಟಿಗೆ ಹಾಕುತ್ತದೆ. ಸೆಲ್ ಮುಗಿಯುತ್ತಾ ಬಂತು ಅಂತ ತಿಳಿಸುವ ರೀತಿ ಅದು. ಮೊಣಕಾಲು ನೋವಿನವರು ಮೆಟ್ಟಿಲ ಮೇಲೆ ನಿಂತು ಸುಧಾರಿಸಿಕೊಂಡ ಹಾಗೆ. ಇಷ್ಟಾದರೂ ಟೈಮು ತಪ್ಪಿಲ್ಲ. ಬೇಗ ಸೆಲ್ ಬದಲಾಯಿಸಬೇಕು, ಇಲ್ಲದಿದ್ದರೆ ಮತ್ತೆ ಸೋರೀತು. ನಾಳೆ ರಿಪೇರಿಯವರಿಗೆ ರಜ. ಸೋಮವಾರ ನೋಡೋಣ ಅಂತ ಅದನ್ನೇ ಕಟ್ಟಿಕೊಂಡು ಕೂತಿದ್ದೇನೆ.