ಆಲ್ಮೋಸ್ಟ್ ಆಯ್ತು ಮೇಡಂ

ನಮ್ಮ ಬೀದಿಯ ಟೈಲರಿಗೆ ಬೇಕಾದ ಇಂಗ್ಲಿಷೆಲ್ಲ ಹೊಲಿಗೆಯದ್ದೇ: ಫಾಲು, ಲೈನಿಂಗು, ಜಿಗ್‌ಜ್ಯಾಗು, ಹುಕ್ಸು. ಇವುಗಳ ಜೊತೆ ಅವರ ಬಾಯಲ್ಲಿ ಸದಾ ಇರುವ ಇನ್ನೊಂದು ಪದ ಆಲ್ಮೋಸ್ಟ್. ಮೊನ್ನೆ ಫೋನು ಮಾಡಿದಾಗ, “ಆಲ್ಮೋಸ್ಟ್ ಆಯ್ತು ಮೇಡಂ, ಹುಕ್ಸ್ ಒಂದು ಬಾಕಿ” ಅಂದರು. ಹೋಗಿ ನೋಡಿದರೆ ನನ್ನ ಬಟ್ಟೆ ನಾನು ಕೊಟ್ಟ ಕವರಿನಲ್ಲೇ, ಅಳತೆ ಬ್ಲೌಸಿನ ಸಮೇತ, ನಾನು ಹಾಕಿದ್ದ ಗಂಟು ಕೂಡ ಬಿಚ್ಚದೆ ಕೂತಿತ್ತು.

ಮನೆ ಸೇರುವಷ್ಟರಲ್ಲಿ ಸಿಟ್ಟು ಟೈಲರನ್ನು ಬಿಟ್ಟು ಪದದ ಕಡೆ ತಿರುಗಿತ್ತು. ಆಲ್ಮೋಸ್ಟ್ ಹುಟ್ಟಿದ್ದು ಹಳೆಯ ಇಂಗ್ಲಿಷಿನ ‘ಆಲ್’ ಮತ್ತು ‘ಮೋಸ್ಟ್’ ಕೂಡಿ. ಬಹುಪಾಲು ಎಲ್ಲ ಅಂತ ಅರ್ಥವಿದ್ದದ್ದು ಬರಬರುತ್ತಾ ‘ಇನ್ನೂ ಆಗಿಲ್ಲ’ ಎಂಬಲ್ಲಿಗೆ ಬಂದು ನಿಂತಿತು. ಆಲ್ಮೋಸ್ಟ್ ಹತ್ತು ಗಂಟೆ ಅಂದರೆ ಹತ್ತಕ್ಕೆ ಐದು ನಿಮಿಷ ಇದ್ದೀತು. ಹತ್ತು ದಾಟಿ ಐದು ನಿಮಿಷ ಖಂಡಿತ ಅಲ್ಲ. ‘ಅಬೌಟ್’ ಹಾಗಲ್ಲ, ಅದು ಎರಡೂ ಕಡೆ ಜಾಗ ಬಿಡುತ್ತದೆ. ನಮ್ಮ ‘ಹೆಚ್ಚುಕಮ್ಮಿ’ಯಂತೂ ಎರಡನ್ನೂ ಹೆಸರಿನಲ್ಲೇ ಇಟ್ಟುಕೊಂಡಿದೆ. (ಏನಾದರೂ ಹೆಚ್ಚುಕಮ್ಮಿ ಆದರೆ ಯಾರು ಹೊಣೆ ಅಂತ ಕೇಳುವಾಗ ಮಾತ್ರ ಹೆಚ್ಚು ಆಗುವ ಭಯ ಯಾರಿಗೂ ಇರುವುದಿಲ್ಲ.)

ಅಂದಾಜಿನ ಪದಗಳಿಗೆ ನಮ್ಮಲ್ಲೇನು ಬರವೇ? ‘ಸುಮಾರು’ ನೋಡಿ. ಅದರ ಮೂಲ ಪಾರಸಿಯ ‘ಶುಮಾರ್’, ಅಂದರೆ ಎಣಿಕೆ. ಎಣಿಕೆಯ ಪದ ಕನ್ನಡಕ್ಕೆ ಬಂದು ಎಣಿಸದೆ ಹೇಳುವುದಕ್ಕೆ ಬಳಕೆಯಾಯಿತು! ಸುಮಾರು ಐವತ್ತು ಜನ ಅಂದರೆ ನಲವತ್ತೆಂಟೂ ಆಗಬಹುದು, ಐವತ್ತೈದೂ ಆಗಬಹುದು. ಬರೀ ‘ಸುಮಾರು ಜನ’ ಅಂದರೆ ಬಹಳ ಜನ. ಊಟ ಸುಮಾರಾಗಿತ್ತು ಅಂದರೆ ಆ ಬಹಳ ಜನ ಇನ್ನೊಮ್ಮೆ ಅಲ್ಲಿಗೆ ಹೋಗಲಾರರು.

ಆದರೂ ಇವು ಯಾವುವೂ ಆಲ್ಮೋಸ್ಟಿನ ಕೆಲಸ ಮಾಡುವುದಿಲ್ಲ. ಕನ್ನಡದಲ್ಲಿ ಆ ಕೆಲಸವನ್ನು ಕ್ರಿಯಾಪದವೇ ನೋಡಿಕೊಳ್ಳುತ್ತದೆ. ಮೆಟ್ಟಿಲಲ್ಲಿ ಕಾಲು ಜಾರಿದರೆ “ಬಿದ್ದೇ ಬಿಡ್ತಿದ್ದೆ” ಅನ್ನುತ್ತೇವೆ. ಹೋಟೆಲಿನಲ್ಲಿ ಎರಡು ಸಲ ಕರೆದ ಮೇಲೆ ಮಾಣಿ ಇನ್ನೊಂದು ಟೇಬಲಿನ ಹತ್ತಿರ ನಿಂತೇ “ಬಂದೆ ಸಾರ್” ಅಂತಾನೆ. ಬಂದಿಲ್ಲ, ಹೊರಟೂ ಇಲ್ಲ, ಆದರೆ ವ್ಯಾಕರಣದಲ್ಲಿ ಆಗಲೇ ಬಂದು ನಿಂತಿದ್ದಾನೆ. ನಮ್ಮಜ್ಜಿಯೂ ಅಷ್ಟೇ. ಬೇಳೆ ಇನ್ನೂ ಬೇಯುತ್ತಿರುವಾಗಲೇ “ಇನ್ನೇನು ಒಗ್ಗರಣೆ ಬಿತ್ತು, ಎಲೆ ಹಾಕ್ರೋ” ಅಂತ ಕೂಗುತ್ತಿದ್ದಳು. ಭೂತಕಾಲವನ್ನು ಇಷ್ಟು ಧೈರ್ಯವಾಗಿ ಮುಂಗಡ ಕೊಡುವ ಭಾಷೆಯವರಿಗೆ ಆಲ್ಮೋಸ್ಟ್ ಸಿಕ್ಕಮೇಲೆ ಕೇಳಬೇಕೆ? ಟೈಲರ್ ‘ಆಯ್ತು’ ಅಂದಾಗಲೇ ಅರ್ಧ ಸುಳ್ಳು. ಅದರ ಹಿಂದೆ ಒಂದು ಆಲ್ಮೋಸ್ಟ್ ಸೇರಿಸಿದ್ದು, ಪಾಪ, ಅವರ ಪ್ರಾಮಾಣಿಕತೆ ಅಂತಲೇ ಇಟ್ಟುಕೊಳ್ಳೋಣ.

ಗೃಹಪ್ರವೇಶದ ದಿನ ಬೆಳಿಗ್ಗೆ ಏಳಕ್ಕೆ ಅಂಗಡಿಯ ಹುಡುಗ ಬ್ಲೌಸು ತಂದುಕೊಟ್ಟ. ಇಸ್ತ್ರಿಯ ಬಿಸಿ ಇನ್ನೂ ಆರಿರಲಿಲ್ಲ. ಬಿಡಿಸಿ ಎಣಿಸಿದೆ. ಐದು ಹುಕ್ಸಿನಲ್ಲಿ ನಾಲ್ಕು ಇದ್ದವು. ಐದನೆಯದರ ಜಾಗದಲ್ಲಿ, ದಾರ ಪೋಣಿಸಿದ ಸೂಜಿ ಬಟ್ಟೆಗೆ ಚುಚ್ಚಿಕೊಂಡು ಹಾಗೇ ಇತ್ತು.