ಪೆಟ್ರೋಲ್‌ಗೆ ಇಟ್ಕೊ ಅಂದ್ರು, ಇಟ್ಕೊಂಡೆ

ತಗೊಂಡೆ. ಅದೇ ಅರಗುತ್ತಿಲ್ಲ. ಸಾವ್ಕಾರ್ರು ಗಲ್ಲಾದಿಂದ 500ರ ಒಂದು ನೋಟು ತೆಗೆದು, ಎರಡು ಬೆರಳಲ್ಲಿ ಹಿಡಿದು, ನನ್ನ ಮುಖ ಕೂಡ ನೋಡದೆ ಚಾಚಿದರು. "ಪೆಟ್ರೋಲ್‌ಗೆ ಇಟ್ಕೊ ತಮ್ಮಾ." ನಾನು ಸ್ಟೂಲಿನಿಂದ ಎದ್ದು ಹೋಗಿ ತೀರ್ಥಕ್ಕೆ ಕೈ ಒಡ್ಡಿದ ಹಾಗೆ ಒಡ್ಡಿದೆ. ಮೇಲೆ "ಥ್ಯಾಂಕ್ಸ್ ಸರ್" ಬೇರೆ ಅಂದೆ.

ಅವರ ರೊಟ್ಟಿ, ಚಟ್ನಿ ಅಂಗಡಿಗೆ ವೆಬ್‌ಸೈಟ್ ಮಾಡಿಕೊಟ್ಟದ್ದಕ್ಕೆ 30,000ದಲ್ಲಿ ಇನ್ನೂ ಬರಬೇಕಾದದ್ದು 18,000.

ಐದು ತಿಂಗಳಾಯಿತು. ಮಂಗಳವಾರ, ಶುಕ್ರವಾರ ಲಕ್ಷ್ಮೀನ ಹೊರಗೆ ಕಳಿಸಲ್ಲ. ಅಮಾವಾಸ್ಯೆ ಹಿಂದೆ ಮುಂದೆ ಬೇಡ. ಭಾನುವಾರ ಅಂಗಡಿ ರಜೆ. ಬುಧವಾರ ಹೋದರೆ ಸಾವ್ಕಾರ್ರು ಹುಬ್ಬಳ್ಳಿಗೆ ಹೋಗಿರುತ್ತಾರೆ. ನಡುವೆ ಒಂದು ಸಲ "ಜಿಎಸ್‌ಟಿ ಬಿಲ್ ಇಲ್ವಾ? ಆಡಿಟರ್ ಒಪ್ಪಲ್ಲ" ಅಂದರು. ನನ್ನಂಥವನ ದುಡಿಮೆ ವರ್ಷಕ್ಕೆ 20 ಲಕ್ಷ ದಾಟಲ್ಲ, ಜಿಎಸ್‌ಟಿ ನಂಬರ್ ತಗೊಳ್ಳಲೇಬೇಕು ಅಂತೇನಿಲ್ಲ ಸರ್, ಅಂತ ಬಿಡಿಸಿ ಹೇಳಿದೆ. ಅದನ್ನು ಹೇಳುವಾಗಲೂ ಮರ್ಯಾದೆ ಹೋಯಿತು. 20 ಲಕ್ಷ ಅಂದ ತಕ್ಷಣ ತಕ್ಕಡಿ ಹತ್ತಿರ ನಿಂತಿದ್ದ ಹುಡುಗ ನಕ್ಕ.

ಇವತ್ತು ಗುರುವಾರ. ಪಂಚಾಂಗ ನೋಡಿಕೊಂಡೇ ಹೋಗಿದ್ದೆ.

ಮಂಡಿಪೇಟೆಯ ಆ ಅಂಗಡಿಯಲ್ಲಿ ನನಗೆ ಅಂತಲೇ ಒಂದು ಜಾಗ ಇದೆ. ಶೇಂಗಾ ಚೀಲಗಳ ಪಕ್ಕ, ಒಂದು ಕಾಲು ಸೀಳಿದ ಪ್ಲಾಸ್ಟಿಕ್ ಸ್ಟೂಲು. ಅಲ್ಲಿ ಮುಕ್ಕಾಲು ಗಂಟೆ ಕೂತೆ. ಕೌಂಟರಿನ ಮೇಲಿರುವ ಯುಪಿಐ ಡಬ್ಬಿ ನಿಮಿಷಕ್ಕೊಂದು ಸಲ ದುಡ್ಡು ಬಂತು, ದುಡ್ಡು ಬಂತು ಅಂತ ಕೂಗುತ್ತಲೇ ಇತ್ತು. ಸಾವ್ಕಾರ್ರು ಮಾತ್ರ "ಕೈ ಬಹಳ ಬಿಗಿ ಐತಪ್ಪ" ಅಂತಿದ್ದರು.

ಆಮೇಲೆ ಇದ್ದಕ್ಕಿದ್ದ ಹಾಗೆ ಏನು ಹೊಳೆಯಿತೋ, ಅಳಿಯನಿಗೆ ಫೋನ್ ಹಚ್ಚಿದರು. ಅಕ್ಕನ ಮಗ, ಇಂಜಿನಿಯರಿಂಗ್ ಎರಡನೇ ವರ್ಷ. ಸ್ಪೀಕರ್ ಆನ್. ಅಂಗಡಿಯಲ್ಲಿ ಆಗ ನಾಲ್ಕು ಜನ ಗಿರಾಕಿಗಳು.

"ಲೇ, ನಮ್ಮ ವೆಬ್‌ಸೈಟ್ ಐತಲ್ಲ, ಅದನ್ನ ಮಾಡೋಕೆ ಎಷ್ಟು ಹೊತ್ತು ಬೇಕೋ?"

"ಅದಾ ಮಾವ? ಎಐಗೆ ಹೇಳಿದ್ರೆ ಹತ್ತು ನಿಮಿಷ."

ಸಾವ್ಕಾರ್ರು ಫೋನನ್ನು ನನ್ನ ಕಡೆ ತಿರುಗಿಸಿ ಹಿಡಿದರು. ಕೋರ್ಟಲ್ಲಿ ಸಾಕ್ಷಿ ತೋರಿಸುತ್ತಾರಲ್ಲ, ಹಾಗೆ. "ಕೇಳಿದ್ಯಾ? ಹತ್ತು ನಿಮಿಷ. ನೀನು 30,000 ಅಂತೀಯ." ಚಟ್ನಿಪುಡಿ ಕಟ್ಟಿಸುತ್ತಿದ್ದ ಒಬ್ಬರು ಆಂಟಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಕಳ್ಳನನ್ನು ನೋಡಿದ ಹಾಗಿದ್ದರೆ ಪರವಾಗಿರಲಿಲ್ಲ. ಅಯ್ಯೋ ಪಾಪ ಅನ್ನೋ ಹಾಗೆ ನೋಡಿದರು.

ಆ ಹುಡುಗ ಹೇಳಿದ್ದು ಸುಳ್ಳಲ್ಲ, ಅದೇ ಉರಿ. ಪುಟ ಹತ್ತು ನಿಮಿಷಕ್ಕೆ ಆಗುತ್ತೆ. ನಾನೂ ಎಐ ಬಳಸುತ್ತೇನೆ, ಮುಚ್ಚಿಡಲ್ಲ. ಆದರೆ ಸಾವ್ಕಾರ್ರು ಕೊಟ್ಟ ಹನ್ನೊಂದು ಪುಟದ ವಿವರ ಎಲ್ಲಾ ನುಡಿ ಅನ್ನೋ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಲ್ಲಿತ್ತು. ವೆಬ್‌ಸೈಟಿಗೆ ಅಂಟಿಸಿದರೆ ಟೋಪಿ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳ ಸಂತೆ. ಅದನ್ನು ಎಲ್ಲಾ ಕಡೆ ಸರಿಯಾಗಿ ಕಾಣುವ ಯುನಿಕೋಡ್‌ಗೆ ಬದಲಾಯಿಸಿ, ಬದಲಾಯಿಸುವಾಗ ಮುರಿದ ಒತ್ತಕ್ಷರ, ಅರ್ಕಾವತ್ತುಗಳನ್ನು ಕೂತು ಒಂದೊಂದಾಗಿ ಸರಿ ಮಾಡಿದ್ದು ಯಾರು? ಆನ್‌ಲೈನಲ್ಲಿ ದುಡ್ಡು ಕಟ್ಟಿಸಿಕೊಡುವ ಪೇಮೆಂಟ್ ಗೇಟ್‌ವೇಯವರು ರೀಫಂಡ್ ನಿಯಮದ ಪುಟ ಎಲ್ಲಿ, ಪ್ರೈವಸಿ ಪುಟ ಎಲ್ಲಿ ಅಂತ ಅರ್ಜಿಯನ್ನು ಎರಡು ಸಲ ವಾಪಸ್ ಕಳಿಸಿದಾಗ ಬರೆದು ಕೊಟ್ಟದ್ದು ಯಾರು? ಎಫ್‌ಎಸ್‌ಎಸ್‌ಎಐನ 14 ಅಂಕಿಯ ಆಹಾರ ಲೈಸೆನ್ಸ್ ನಂಬರಲ್ಲಿ ಸಾವ್ಕಾರ್ರು 13 ಬರೆದು ಕೊಟ್ಟಿದ್ದರು. ಎಣಿಸಿದ್ದು ಯಾರು?

ಬಾಕ್ಸಿನ ಕಥೆಯಂತೂ ಕೇಳಲೇಬೇಡಿ. ಬೇಡ, ಕೇಳಿ. ರೊಟ್ಟಿ ಹಗುರ, ಬಾಕ್ಸ್ ದೊಡ್ಡದು. ಕೊರಿಯರಿನವರು ತೂಕ ಮಾತ್ರ ನೋಡಲ್ಲ. ಉದ್ದ, ಅಗಲ, ಎತ್ತರ ಸೆಂಟಿಮೀಟರಲ್ಲಿ ಗುಣಿಸಿ 5,000ದಿಂದ ಭಾಗಿಸುತ್ತಾರೆ. ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಬಿಲ್ಲು. ಸಾವ್ಕಾರ್ರ ಬಾಕ್ಸ್ 30, 30, 20. ಅಂದರೆ ಒಂದು ಕೆಜಿ ರೊಟ್ಟಿಗೆ 3.6 ಕೆಜಿಯ ಬಾಡಿಗೆ. ಇದು ಗೊತ್ತಿಲ್ಲದೆ ಒಂದೊಂದು ಆರ್ಡರಿಗೂ ಕೈಯಿಂದ ಹಾಕುತ್ತಿದ್ದರು. ನಾನೇ ಸ್ಕೇಲ್ ಹಿಡಿದು ರೊಟ್ಟಿ ಅಳೆದೆ. ಬಾಕ್ಸಿನವನ ಹತ್ತಿರ ಹೋಗಿ 26, 26, 10ರದ್ದು ಮಾಡಿಸಿದೆ. ಲೆಕ್ಕ 1.35ಕ್ಕೆ ಇಳಿಯಿತು. ವೆಬ್‌ಸೈಟ್ ಮಾಡುವವನ ಕೆಲಸವಾ ಇದು? ಅಲ್ಲ. ಸುಮ್ನೆ ಮಾಡಿದೆ. ಈಗ ಬಂದವರಿಗೆಲ್ಲ ಸಾವ್ಕಾರ್ರು "ನಾನೇ ತಲೆ ಓಡಿಸಿ ಬಾಕ್ಸ್ ಸಣ್ಣ ಮಾಡಿದೆ" ಅಂತ ಹೇಳುತ್ತಾರೆ. ಹೇಳಲಿ ಬಿಡಿ.

ಇಲ್ಲ, ಯಾಕೆ ಬಿಡಬೇಕು?

ಫೋನ್ ಇಟ್ಟ ಮೇಲೆ ಸಾವ್ಕಾರ್ರು ಕೇಳಿದರು, "ಈ ವೆಬ್‌ಸೈಟಿಂದ ನಮಗೆ ಏನು ಬಂದೈತಿ ಹೇಳು ನೋಡಾನ." ಅದೇ ಹೊತ್ತಿಗೆ ನನ್ನ ಜೇಬಲ್ಲಿ ಫೋನ್ ಎರಡು ಸಲ ಗುರ್ ಅಂತು. ಏನು ಅಂತ ತೆಗೆಯದೇ ಗೊತ್ತು. ಅವರ ಅಂಗಡಿಯ ಆರ್ಡರಿನ ಇಮೇಲ್ ನನಗೂ ಒಂದು ಪ್ರತಿ ಬರುತ್ತೆ, ಶುರುವಿನಲ್ಲಿ ಪರೀಕ್ಷೆಗೆ ಅಂತ ಇಟ್ಟದ್ದು. ತೆಗೆದು ಮುಖಕ್ಕೆ ಹಿಡಿಯಬಹುದಿತ್ತು. ಆ ಆಂಟಿಗೂ ತೋರಿಸಬಹುದಿತ್ತು. ನಾನು ಏನಂದೆ ಗೊತ್ತಾ? "ನಿಧಾನಕ್ಕೆ ಬರುತ್ತೆ ಸರ್" ಅಂದೆ. ನಿಧಾನಕ್ಕೆ ಅಂತೆ! ಜೇಬಲ್ಲಿ ಗುರುಗುಟ್ಟುತ್ತಿದೆ, ಬಾಯಲ್ಲಿ ನಿಧಾನ. ಆಗಲೇ ಗಲ್ಲಾ ತೆರೆದದ್ದು, ನೋಟು ಹೊರಬಂದದ್ದು.

ಯಾರಾದರೂ ಹೇಳಿ. ಈ ಕೆಲಸ ಮಾಡುವವರು, ಮಾಡಿಸಿಕೊಂಡವರು, ಯಾರಾದರೂ. ಗಾರೆಯವನು ಗೋಡೆ ಕಟ್ಟಿದರೆ ಶನಿವಾರ ಬಟವಾಡೆ ಆಗುತ್ತೆ ಅಲ್ವಾ? ಟೈಲರ್ ದುಡ್ಡು ಕೊಡದೆ ಬ್ಲೌಸ್ ಬಿಡ್ತಾನಾ? ನಾವು ಮಾತ್ರ ಯಾಕೆ ಮೊದಲು ಲೈವ್ ಮಾಡಿ ಆಮೇಲೆ ಸ್ಟೂಲ್ ಮೇಲೆ ಕೂರ್ತೀವಿ?

ಕಾನೂನು ಗೊತ್ತಿಲ್ಲ ಅಂತಲ್ಲ. ಉದ್ಯಮ್ ನೋಂದಣಿ ಇದೆ, ಸರ್ಟಿಫಿಕೇಟಿಗೆ ಲ್ಯಾಮಿನೇಷನ್ ಬೇರೆ ಮಾಡಿಸಿದ್ದೇನೆ. 2006ರ ಕಾಯ್ದೆ ಪ್ರಕಾರ ಸಣ್ಣ ಉದ್ಯಮದವರಿಗೆ 45 ದಿನದೊಳಗೆ ದುಡ್ಡು ಕೊಡಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಸಮಾಧಾನ್ ಅಂತ ಪೋರ್ಟಲ್ಲೇ ಇದೆ, ಅಲ್ಲಿ ದೂರು ಕೊಡಬಹುದು. ಹೆಸರು ನೋಡಿ, ಸಮಾಧಾನ! ಫಾರಂ ಅರ್ಧ ತುಂಬಿ ಮುಚ್ಚಿದೆ. ನನ್ನ ಇನ್ನಿಬ್ಬರು ಗಿರಾಕಿಗಳು ಸಾವ್ಕಾರ್ರ ಬೀಗರು. ದಾವಣಗೆರೆ ಎಷ್ಟು ದೊಡ್ಡದು? ಮಂಡಿಪೇಟೆಯಲ್ಲಿ ಬೆಳಗ್ಗೆ ಆಡಿದ ಮಾತು ಮಧ್ಯಾಹ್ನದ ಮಂಡಕ್ಕಿ ಮಿರ್ಚಿ ಹೊತ್ತಿಗೆ ಪಿ.ಜೆ. ಬಡಾವಣೆ ಮುಟ್ಟಿರುತ್ತೆ.

ಇನ್ನೊಂದು ದಾರಿಯೂ ಇದೆ, ಹೇಳಿಬಿಡುತ್ತೇನೆ. ಡೊಮೇನ್, ಅಂದರೆ ವೆಬ್‌ಸೈಟಿನ ಹೆಸರು, ನನ್ನ ಖಾತೆಯಲ್ಲಿದೆ, ನನ್ನ ಕಾರ್ಡಿಂದ ರಿನ್ಯೂ ಆಗುತ್ತೆ. ಇನ್ನು 22 ದಿನ ಇದೆ. ನಾನು ಸುಮ್ಮನಿದ್ದರೆ ಸಾಕು. ಸೈಟ್ ನಿಲ್ಲುತ್ತೆ, ಮೇಲ್ ನಿಲ್ಲುತ್ತೆ. ಆಮೇಲೆ ಬಿಡಿಸಿಕೊಳ್ಳೋಕೆ ದಂಡ. ಅದೂ ಕಟ್ಟದಿದ್ದರೆ ಹೆಸರು ಯಾರ ಪಾಲಿಗೆ ಬೇಕಾದರೂ. ಆಗ ಅಳಿಯನಿಗೆ ಹತ್ತು ನಿಮಿಷ ಕೊಡಿ, ನೋಡೋಣ.

ಮನೆಗೆ ಬಂದವನೇ ಆಟೋ ರಿನ್ಯೂ ಆಫ್ ಮಾಡಿದೆ. ಊಟ ಮಾಡಿದೆ. ಅದು ಅವರ ತಾತನ ಹೆಸರಿನ ಅಂಗಡಿ. ತಾತ ನನಗೇನು ಮಾಡಿದ್ದಾರೆ ಪಾಪ. ಆನ್ ಮಾಡಿದೆ. ಹೆಂಡತಿ "ಇವತ್ತಾದ್ರೂ ಕೊಟ್ರಾ?" ಅಂತ ಕೇಳಿದಳು. "ಸ್ವಲ್ಪ ಕೊಟ್ರು" ಅಂದೆ. ಮತ್ತೆ ಆಫ್ ಮಾಡಿದೆ. ಈಗ ಸದ್ಯಕ್ಕೆ ಆನ್ ಇದೆ. ನೋಟು ಇನ್ನೂ ಶರ್ಟಿನ ಜೇಬಲ್ಲೇ ಇದೆ. ಪೆಟ್ರೋಲನ್ನು ನನ್ನ ದುಡ್ಡಲ್ಲೇ ಹಾಕಿಸಿಕೊಂಡು ಬಂದೆ. ಅದರಿಂದ ಯಾರಿಗೆ ಏನು ಸಾಬೀತಾಯಿತೋ ದೇವರಿಗೇ ಗೊತ್ತು.

ಇಷ್ಟು ಬರೆಯುವ ಹೊತ್ತಿಗೆ ಇನ್ನೊಂದು ಮೇಲ್ ಬಂತು. ಮೈಸೂರು, ಕುವೆಂಪುನಗರ. ಸಜ್ಜೆ ರೊಟ್ಟಿ ಎರಡು ಪ್ಯಾಕ್, ಅಗಸಿ ಚಟ್ನಿ ಕಾಲು ಕೆಜಿ. ಕೆಳಗೆ ಗಿರಾಕಿಯ ಸೂಚನೆ: ರೊಟ್ಟಿ ಮುರಿಯದ ಹಾಗೆ ಕಳಿಸಿ. ಆ ಸೂಚನೆ ಬರೆಯುವ ಜಾಗವನ್ನೂ ನಾನೇ ಇಟ್ಟದ್ದು. ಸಾವ್ಕಾರ್ರು ಕೇಳಿರಲಿಲ್ಲ.